ಇಶಾಪುರದ ಹಳೆ ರೈಫಲ್ ಕೊಳ್ಳುವ ಮುನ್ನ

ಹಳೆ ಮಿಲಿಟರಿ ರೈಫಲ್ ಗುಂಡು ಹಾರಿಸಿ ಹಾಳಾಗುವುದು ಕಡಿಮೆ. ತಪ್ಪಾಗಿ ಬಿಚ್ಚಿ, ಸಿಕ್ಕಾಪಟ್ಟೆ ಉಜ್ಜಿ, ತೊಳೆಯದೆ ಎತ್ತಿಟ್ಟು ಹಾಳು ಮಾಡುವುದೇ ಜಾಸ್ತಿ. ಟೆಕ್ಸಾಸ್‌ನಲ್ಲಿ ಬಂದೂಕು ರಿಪೇರಿ ನನ್ನ ಕಸುಬು. ಇಲ್ಲಿನ ಕನ್ನಡದವರು ಸರ್‌ಪ್ಲಸ್ ರೈಫಲ್, ಅಂದರೆ ಸೇನೆ ಬಳಸಿ ಬಿಟ್ಟ ರೈಫಲ್ ಬಗ್ಗೆ ವಿಚಾರಿಸಿದಾಗ ಮೊದಲು ಕೇಳುವುದು ಇಶಾಪುರ ಕಾರ್ಖಾನೆಯ 2ಎ1 ಮಾದರಿ ಸಿಗುತ್ತಾ ಅಂತ. ನಮ್ಮ ದೇಶದಲ್ಲಿ ಮಾಡಿದ್ದು ಅನ್ನುವ ಪ್ರೀತಿ. ನನಗೂ ಆ ಪ್ರೀತಿ ಇದೆ. ಅದಕ್ಕೇ ಈ ಸಲ ಅದನ್ನೇ ಹಿಡಿದು ಬರೆಯುತ್ತಿದ್ದೇನೆ.

ಮೊದಲು ವೀಸಾ ವಿಷಯ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳಲು ಸಾಮಾನ್ಯವಾಗಿ ಅನುಮತಿ ಇಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯರ ಹೆಸರಿನಲ್ಲಿ ಕೊಳ್ಳುವ ಯೋಚನೆ ಬೇಡವೇ ಬೇಡ, ಅದು ಅಪರಾಧ. ಮುಂದೆ ಊರಿಗೆ ವಾಪಸ್ ಹೋಗುವಾಗ ಜೊತೆಗೆ ಒಯ್ಯುತ್ತೇನೆ ಅಂದುಕೊಂಡಿದ್ದರೆ ಅದನ್ನೂ ಬಿಟ್ಟುಬಿಡಿ. ಈ ರೈಫಲ್‌ನ ಬೋರ್, ಅಂದರೆ ನಳಿಗೆಯ ಒಳ ಅಳತೆ, 7.62 ಮಿ.ಮೀ. ಭಾರತದಲ್ಲಿ ಅದು ಜನಸಾಮಾನ್ಯರಿಗೆ ನಿಷೇಧಿತ ಬೋರ್.

ಈ ರೈಫಲ್ ಹುಟ್ಟಿದ್ದು 1962ರ ಚೀನಾ ಯುದ್ಧದ ನಂತರ. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯವರು ತಮಗೆ ಚೆನ್ನಾಗಿ ಪಳಗಿದ್ದ, ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಮಾದರಿಯನ್ನೇ ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ತೋಟಾಕ್ಕೆ ಹೊಂದುವಂತೆ ಹೊಸದಾಗಿ ತಯಾರಿಸಿದರು. ಬ್ರಿಟಿಷರ ಕಾಲದ .303 ತೋಟಾ ಹಾಕುವ ಹಳೆ ರೈಫಲ್‌ನ ನಳಿಗೆ ಬದಲಿಸಿ ಮಾಡಿದ್ದು ಅಂತ ಅಂಗಡಿಗಳಲ್ಲೂ ಹೇಳುತ್ತಾರೆ. ಅದು ತಪ್ಪು. ಹಿಡಿಯ ಹತ್ತಿರ ಬಲಗಡೆ ಉಕ್ಕಿನ ಪಟ್ಟಿಯ ಮೇಲೆ ಮಾದರಿ, ವರ್ಷ ಕೊರೆದಿರುತ್ತಾರೆ. ಹಿಂದಿನ ಗುರಿಪಟ್ಟಿಯಲ್ಲಿ 2000ದವರೆಗೆ ಅಂಕಿ ಇದ್ದರೆ 2ಎ, 800ಕ್ಕೆ ನಿಂತರೆ 2ಎ1. ನಳಿಗೆ ಕತ್ತರಿಸಿ ಮೋಟು ಮಾಡಿದ 'ಜಂಗಲ್ ಕಾರ್ಬೈನ್' ಕೂಡ ಮಾರಾಟಕ್ಕೆ ಬರುತ್ತದೆ. ಅದು ಸೇನೆಯ ಕೆಲಸವಲ್ಲ, ಆಮದು ಮಾಡಿಕೊಂಡವರ ಕೆಲಸ. ಹಳೆಯ ವಸ್ತು ಅನ್ನುವ ಕಾರಣಕ್ಕೆ ಕೊಳ್ಳುವವರು ಅದಕ್ಕೆ ದುಡ್ಡು ಹಾಕಬೇಡಿ.

ಕೈಗೆ ಬಂದ ತಕ್ಷಣ ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಉಕ್ಕಿನ ಭಾಗ) ಎಳೆಯಿರಿ, ತೋಟಾ ಕೂರುವ ಜಾಗವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಮಾರುವವನು ಖಾಲಿ ಇದೆ ಅಂದರೂ ನೋಡಿ. ಆಮೇಲೆ ಬೋಲ್ಟ್ ಮೇಲಿನ ನಂಬರ್, ಬಾಡಿಯ ಮೇಲಿನ ನಂಬರ್ ಒಂದೇನಾ ಅಂತ ಹೋಲಿಸಿ. ಇದು ಬರೀ ಸಂಗ್ರಹಕಾರರ ಗೀಳಲ್ಲ. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಹಿಂಭಾಗದಲ್ಲಿ ಲಾಕ್ ಆಗುತ್ತದೆ. ಪ್ರತಿ ರೈಫಲ್‌ಗೂ ಅದರದೇ ಬೋಲ್ಟನ್ನು ಕೂರಿಸಿ ಸರಿಮಾಡಿರುತ್ತಾರೆ. ಬೇರೆ ಬೋಲ್ಟ್ ಹಾಕಿದ್ದರೆ ತೋಟಾದ ಹಿಂದೆ ಸಂದು ಉಳಿಯಬಹುದು. ಆಗ ಹಿತ್ತಾಳೆ ಕವಚ ಹಿಗ್ಗಿ ಸೀಳಿ, ಬಿಸಿ ಗ್ಯಾಸ್ ಮುಖದ ಕಡೆಗೆ ನುಗ್ಗುತ್ತದೆ. ಈ ಅಳತೆಗೆ ಹೆಡ್‌ಸ್ಪೇಸ್ ಅನ್ನುತ್ತೇವೆ. ಗೇಜ್ ಹಾಕಿ ನೋಡುವುದು ಒಂದೆರಡು ನಿಮಿಷದ ಕೆಲಸ. ಮಾಡಿಸದೆ ಒಂದು ಗುಂಡನ್ನೂ ಹಾರಿಸಬೇಡಿ.

.308, ಅಂದರೆ ಹೆಚ್ಚುಕಡಿಮೆ ಇದೇ ಅಳತೆಯ ಅಂಗಡಿ ತೋಟಾ, ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ತೋಟಾ ಒಳಗೆ ಕೂರುತ್ತದೆ, ನಿಜ. ಆದರೆ ಮಿಲಿಟರಿ ರೈಫಲ್‌ನ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಸ್ವಲ್ಪ ಉದ್ದ, ಅಂಗಡಿಯ .308ರ ಹಿತ್ತಾಳೆ ಸಾಮಾನ್ಯವಾಗಿ ತೆಳು, ಒತ್ತಡವೂ ಜಾಸ್ತಿ ಇರಬಹುದು. ನಾನು 7.62 ನೇಟೊ ಅಂತ ಸ್ಪಷ್ಟವಾಗಿ ಬರೆದ ತೋಟಾ ಬಿಟ್ಟು ಬೇರೆ ಶಿಫಾರಸು ಮಾಡುವುದಿಲ್ಲ. ಹೊಡೆದಾಗ 'ಟಕ್' ಅಂತ ಸದ್ದಾಗಿ ಗುಂಡು ಹಾರದಿದ್ದರೆ ಕೂಡಲೇ ಬೋಲ್ಟ್ ತೆಗೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಹಳೆ ತೋಟಾ ತಡವಾಗಿ ಸಿಡಿಯುವುದುಂಟು.

ನಳಿಗೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿ ಸರಿಯಾಗಿ ದುಂಡಗಿದೆಯಾ? ಸೈನಿಕರು ದಾರಕ್ಕೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆದು ಸ್ವಚ್ಛ ಮಾಡುತ್ತಿದ್ದರು. ದಾರವನ್ನು ವಾರೆಯಾಗಿ ಎಳೆದರೆ ಅದು ತುದಿಯ ಅಂಚಿಗೆ ಉಜ್ಜುತ್ತದೆ. ವರ್ಷಗಟ್ಟಲೆ ಹಾಗೆ ಎಳೆದಲ್ಲಿ ಉಕ್ಕು ಸವೆದು ಒಂದು ಬದಿಗೆ ತೋಡು ಬೀಳುತ್ತದೆ. ಒಳಗಿನ ಗೆರೆಗಳು ಚೂಪಾಗಿದ್ದರೂ ಅಂಥ ರೈಫಲ್ ಗುರಿಗೆ ಹೊಡೆಯುವುದಿಲ್ಲ. ಒಳಗೆ ಸ್ವಲ್ಪ ಕಪ್ಪಾಗಿ, ತುದಿ ಮಾತ್ರ ಸರಿಯಿದ್ದರೆ ಚೆನ್ನಾಗೇ ಹೊಡೆಯುತ್ತದೆ.

ಈಗ ನನ್ನ ಬೆಂಚಿಗೆ ಪದೇ ಪದೇ ಬರುವ ಕಾಯಿಲೆಗೆ ಬರುತ್ತೇನೆ. ಹಿಂದಿನ ಮರ, ಅಂದರೆ ಬಟ್, ಸ್ವಲ್ಪ ಅಲ್ಲಾಡುತ್ತಿರುತ್ತದೆ. ಒಡೆಯರು ಬಟ್‌ನ ಮುಚ್ಚಳದಿಂದ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಒಳಗಿನ ಬೋಲ್ಟನ್ನು ಬಿಗಿಯುತ್ತಾರೆ. ಇದು ಬಟ್ ಹಿಡಿದಿಡುವ ಬೋಲ್ಟ್, ತೋಟಾ ಮುಚ್ಚುವ ಬೋಲ್ಟ್ ಅಲ್ಲ. 'ಚಟ್' ಅಂತ ಸದ್ದು. ನಳಿಗೆಯ ಕೆಳಗಿನ ಮುಂದಿನ ಮರ ಹಿಂಭಾಗದಲ್ಲಿ ಸೀಳಿರುತ್ತದೆ. ಕಾರಣ ಇಷ್ಟೇ. ಈ ಮಾದರಿಯಲ್ಲಿ ಆ ಬೋಲ್ಟಿನ ತುದಿ ಚೌಕವಾಗಿದ್ದು, ಉಕ್ಕಿನ ಆಚೆಗೆ ಹೊರಬಂದು, ಮುಂದಿನ ಮರದೊಳಗಿನ ಒಂದು ತಗಡಿನ ಸಂದಿನಲ್ಲಿ ಕೂತಿರುತ್ತದೆ. ಬೋಲ್ಟ್ ತಾನಾಗಿ ಸಡಿಲವಾಗದಿರಲಿ ಅಂತ ಮಾಡಿದ ಏರ್ಪಾಡು ಅದು. ಮುಂದಿನ ಮರ ಇದ್ದ ಹಾಗೇ ಬೋಲ್ಟ್ ತಿರುಗಿಸಿದರೆ ತಗಡು ಅಡ್ಡ ತಿರುಗಿ ಮರವನ್ನು ಒಡೆಯುತ್ತದೆ. ಎಲ್ಲಾ ರೈಫಲ್‌ನಲ್ಲೂ ಈ ಚೌಕ ತುದಿ ಇರುವುದಿಲ್ಲ. ಆದರೂ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಮೊದಲು ಮುಂದಿನ ಮರ ಬಿಚ್ಚಿ, ಬಟ್ ಬೋಲ್ಟ್ ಆಮೇಲೆ. ಜೋಡಿಸುವಾಗ ಮೊದಲು ಬಟ್, ಚೌಕ ನೆಟ್ಟಗೆ ನಿಲ್ಲುವಂತೆ ಬಿಗಿದು, ನಂತರ ಮುಂದಿನ ಮರ. ಇಶಾಪುರದ ರೈಫಲ್‌ಗಳಲ್ಲಿ ಮುಂದಿನ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಕಾಣುತ್ತದೆ. ಮರ ಸೀಳದಿರಲಿ ಅಂತ ಕಾರ್ಖಾನೆಯವರೇ ಹಾಕಿದ್ದು. ಯಾರೋ ರಿಪೇರಿ ಮಾಡಿದ್ದಾರೆ ಅಂದುಕೊಂಡು ಕಿತ್ತು ಹಾಕಬೇಡಿ.

ಮರಕ್ಕೆ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ, ದಯವಿಟ್ಟು. ಮುದ್ರೆಗಳೂ ಹೋಗುತ್ತವೆ, ಬೆಲೆಯೂ ಹೋಗುತ್ತದೆ. ಹಳೆ ಗ್ರೀಸನ್ನು ಮಿನರಲ್ ಸ್ಪಿರಿಟ್ಸ್‌ನಿಂದ (ಪೇಂಟ್ ತೆಳು ಮಾಡುವ ದ್ರವ) ಒರೆಸಿ, ಒಣಗಿದ ಮೇಲೆ ಹಸಿ ಅಗಸೆ ಎಣ್ಣೆಯನ್ನು ತೆಳುವಾಗಿ ಕೈಯಲ್ಲೇ ಉಜ್ಜಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕಿ.

.303 ರೈಫಲ್ ಇರುವವರಿಗೆ ಇನ್ನೊಂದು ಮಾತು. ಹಳೆ ಮಿಲಿಟರಿ .303 ತೋಟಾದ ಪ್ರೈಮರ್, ಅಂದರೆ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಮದ್ದು, ಸಿಡಿದಾಗ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಅಲ್ವಾ? ಎಷ್ಟು ಒಳ್ಳೆ ಎಣ್ಣೆ ಹಾಕಿದರೂ ಉಪ್ಪು ಅಡಿಯಲ್ಲೇ ಕೂತಿರುತ್ತದೆ. ಅದೇ ದಿನ ಬೋಲ್ಟ್ ತೆಗೆದು, ಆಲಿಕೆ ಇಟ್ಟು, ಹಿಂದಿನಿಂದ ಕುದಿಯುವ ನೀರು ಸುರಿಯಿರಿ. ಮರಕ್ಕೆ ತಾಗದಂತೆ ನೋಡಿಕೊಳ್ಳಿ. ಬೋಲ್ಟಿನ ಮುಖವನ್ನೂ ಬಿಸಿನೀರಿನಲ್ಲಿ ಒರೆಸಿ. ಬಿಸಿಗೆ ನಳಿಗೆ ಬೇಗ ಒಣಗುತ್ತದೆ. ಒಣ ಬಟ್ಟೆ ಎಳೆದು, ಕೊನೆಗೆ ಎಣ್ಣೆ. ಮುಂದಿನ ಸಲ ಹೊಡೆಯುವ ಮುಂಚೆ ಆ ಎಣ್ಣೆಯನ್ನು ಒರೆಸಿ ತೆಗೆಯಿರಿ.

ಊರಿನಲ್ಲಿ ಲೈಸೆನ್ಸ್ ಪಡೆದು .315 ರೈಫಲ್ ಇಟ್ಟುಕೊಂಡವರಿಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ. ಅದು ಇದೇ ಕಾರ್ಖಾನೆಯ, ಇದೇ ಬೋಲ್ಟಿನ ತಮ್ಮ. ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ತಾಗಿಸುತ್ತದೆ. ಚೀಲದಿಂದ ತೆಗೆದು, ಗಾಳಿಯಾಡುವ ಕಡೆ ಬೀಗ ಹಾಕಿದ ಬೀರುವಿನಲ್ಲಿಟ್ಟು, ಆಗಾಗ ಎಣ್ಣೆ ಬಟ್ಟೆಯಲ್ಲಿ ಒರೆಸಿ.