ಮಾಂಟೆರೇ ಕೊಲ್ಲಿಲಿ ತಿಮಿಂಗಿಲ ದಡದ ಹತ್ರಕ್ಕೇ ಯಾಕೆ ಬರುತ್ತೆ?

ತಿಮಿಂಗಿಲ ಅಂದ್ರೆ ನಡುಸಮುದ್ರದ ಪ್ರಾಣಿ ಅನ್ಕೊಂಡಿರ್ತೀವಿ, ಆದ್ರೆ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಲಿ ಕಯಾಕ್ ಅನ್ನೋ ಪುಟ್ಟ ದೋಣಿ ತಗೊಂಡು ಹುಟ್ಟು ಹಾಕ್ಕೊಂಡು ಹೋಗೋವಷ್ಟು ದೂರದಲ್ಲೇ ಹಂಪ್‌ಬ್ಯಾಕ್ ತಿಮಿಂಗಿಲ ಬುಸ್ ಅಂತ ಉಸಿರು ಬಿಡುತ್ತೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರೋ ಕನ್ನಡದವರಿಗೆ ಇದು ಒಂದೆರಡು ಗಂಟೆ ಡ್ರೈವ್ ಅಷ್ಟೇ. ಹೋಗೋ ಮುಂಚೆ ನೀರಿನ ಕೆಳಗೆ ಏನಿದೆ ಅಂತ ತಿಳ್ಕೊಂಡ್ರೆ ನೋಡೋ ಖುಷಿನೇ ಬೇರೆ.

ಅಲ್ಲಿ ಮಾಸ್ ಲ್ಯಾಂಡಿಂಗ್ ಅನ್ನೋ ಪುಟ್ಟ ಬಂದರು ಇದೆ, ಅದರ ಎದುರಿಗೇ ಸಮುದ್ರದೊಳಗಿನ ಒಂದು ಭಾರೀ ಕಣಿವೆ ಶುರುವಾಗುತ್ತೆ. ಮುಂದಕ್ಕೆ ಹೋದ ಹಾಗೆ ಕೆಲವು ಕಡೆ ಅದರ ಗೋಡೆಗಳೇ ಒಂದು ಮೈಲಿ ಎತ್ತರ ಇವೆ, ಅಂದ್ರೆ ಅಮೆರಿಕದ ಪ್ರಸಿದ್ಧ ಕಣಿವೆ ಗ್ರ್ಯಾಂಡ್ ಕ್ಯಾನಿಯನ್ ಲೆಕ್ಕದ್ದು. ಹಾಗಾಗಿ ಆಳ ಸಮುದ್ರ ಇಲ್ಲಿ ಊರಿನ ಬಾಗಿಲಿಗೇ ಬಂದಿದೆ.

ಇದಕ್ಕೆ ಗಾಳಿನೂ ಸೇರ್ಕೊಳ್ಳುತ್ತೆ. ವಸಂತದಿಂದ ಬೇಸಿಗೆವರೆಗೆ ವಾಯುವ್ಯದ ಗಾಳಿ ಕರಾವಳಿಗುಂಟ ಬೀಸ್ತಾ ಇರುತ್ತೆ, ಭೂಮಿ ತಿರುಗ್ತಾ ಇರೋದ್ರಿಂದ ಮೇಲಿನ ನೀರು ಗಾಳಿ ತಳ್ಳಿದ ಕಡೆಗೇ ನೇರ ಹೋಗದೆ ಬಲಕ್ಕೆ, ಅಂದ್ರೆ ದಡದಿಂದ ಆಚೆಗೆ ಸರಿಯುತ್ತೆ, ಆ ಜಾಗ ತುಂಬೋಕೆ ಕೆಳಗಿಂದ ಕೊರೆಯೋ ತಣ್ಣೀರು ಮೇಲೆ ಬರುತ್ತೆ. ಆ ನೀರಲ್ಲಿ ನೈಟ್ರೇಟ್‌ನಂಥ ಪೋಷಕಾಂಶ ತುಂಬಿರುತ್ತೆ, ಬಿಸಿಲು ತಾಗಿದ್ದೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೀತವೆ, ಅದನ್ನ ತಿನ್ನೋಕೆ ಸೀಗಡಿಯಂಥ ಕ್ರಿಲ್ ಬರುತ್ತೆ, ಆಂಚೊವಿ ಮೀನಿನ ಹಿಂಡು ಬರುತ್ತೆ. ನಮ್ಮ ಕರಾವಳಿಲೂ ಮಳೆಗಾಲದ ಗಾಳಿಗೆ ಹೀಗೇ ಕೆಳಗಿನ ನೀರು ಮೇಲೇಳುತ್ತೆ, ಬೂತಾಯಿ ಮೀನಿಗೆ ಆಹಾರ ಸಿಗೋದರಲ್ಲಿ ಅದರದ್ದು ದೊಡ್ಡ ಪಾಲು.

ನೀಲಿ ತಿಮಿಂಗಿಲಕ್ಕೆ ಕ್ರಿಲ್ಲೇ ಊಟ, ಅದಕ್ಕೇ ಅದು ಹೆಚ್ಚಾಗಿ ಕಣಿವೆಯ ಅಂಚಲ್ಲೇ ಇರುತ್ತೆ. ಹಂಪ್‌ಬ್ಯಾಕ್ ಕ್ರಿಲ್, ಆಂಚೊವಿ ಎರಡನ್ನೂ ತಿನ್ನುತ್ತೆ, ಆಂಚೊವಿ ದಡದ ಕಡೆ ಬಂದ್ರೆ ಇದೂ ಹಿಂದೇನೇ ಬರುತ್ತೆ. ಮೀನಿನ ಹಿಂಡಿನ ಕೆಳಗಿಂದ ಬಾಯಿ ತೆರ್ಕೊಂಡೇ ಮೇಲಕ್ಕೆ ನುಗ್ಗಿ, ಗಂಟಲಿನ ಮಡಿಕೆಗಳನ್ನ ಉಬ್ಬಿಸಿ ಟನ್‌ಗಟ್ಟಲೆ ನೀರು ತುಂಬ್ಕೊಂಡು, ಆಮೇಲೆ ಬಾಯೊಳಗಿನ ಜರಡಿಯಿಂದ ನೀರನ್ನ ಮಾತ್ರ ಆಚೆ ಬಿಡುತ್ತೆ.

ಕಯಾಕ್‌ನವರು ಇಲ್ಲಿ ನಿಜಕ್ಕೂ ಹುಷಾರಾಗಿರ್ಬೇಕು. ಡಾಲ್ಫಿನ್ ಥರ ಶಬ್ದ ಕಳಿಸಿ ಪ್ರತಿಧ್ವನಿಯಿಂದ ಎದುರಿಗಿರೋದನ್ನ ಕಂಡುಹಿಡಿಯೋ ಶಕ್ತಿ ಹಂಪ್‌ಬ್ಯಾಕ್‌ಗೆ ಇಲ್ಲ, ಕಯಾಕ್‌ಗೆ ಇಂಜಿನ್ ಸದ್ದೂ ಇಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಮಾಸ್ ಲ್ಯಾಂಡಿಂಗ್ ಹತ್ರ ನೀರಿಂದ ಮೇಲಕ್ಕೆ ಹಾರಿದ ತಿಮಿಂಗಿಲ ಇಬ್ಬರು ಕೂತಿದ್ದ ಕಯಾಕ್ ಮೇಲೇ ಬಿತ್ತು, ಪುಣ್ಯಕ್ಕೆ ಇಬ್ಬರೂ ಬದುಕಿದ್ರು. ಪೆಲಿಕನ್ ಹಕ್ಕಿಗಳು ಒಂದೇ ಕಡೆ ಧುಮುಕ್ತಾ ಇದ್ರೆ, ನೀರು ಮೀನಿಂದ ಕುದಿಯೋ ಹಾಗೆ ಕಂಡ್ರೆ, ಆ ಜಾಗ ಬಿಟ್ಟು ಬೇಗ ಸರೀರಿ. ತಿಮಿಂಗಿಲದಿಂದ ಕನಿಷ್ಠ 100 ಗಜ ದೂರ ಇರ್ಬೇಕು ಅಂತ ಅಲ್ಲಿ ಹೇಳ್ತಾರೆ.

ಒಳ್ಳೆ ಫೋಟೋಗೂ ಹತ್ರ ಹೋಗ್ಬೇಕಾಗಿಲ್ಲ. ಹಂಪ್‌ಬ್ಯಾಕ್ ಆಳಕ್ಕೆ ಮುಳುಗುವಾಗ ಬಾಲ ಎತ್ತುತ್ತೆ, ಬಾಲದ ಅಡಿಭಾಗದ ಕಪ್ಪು ಬಿಳುಪು ಗುರುತು ಒಂದೊಂದಕ್ಕೂ ಬೇರೆ, ಅದು ಚೆನ್ನಾಗಿ ಕಾಣೋದು ಹಿಂದಿನಿಂದ, ತಿಮಿಂಗಿಲ ನಮ್ಮಿಂದ ದೂರ ಹೋಗ್ತಾ ಇರುವಾಗ. ಇಂಥ ಫೋಟೋ ಹೋಲಿಸಿಯೇ ಮಾಂಟೆರೇಲಿ ಕಂಡ ತಿಮಿಂಗಿಲ ಚಳಿಗಾಲದಲ್ಲಿ ಮೆಕ್ಸಿಕೋಗೋ ಮಧ್ಯ ಅಮೆರಿಕಕ್ಕೋ ಹೋಗಿದೆ ಅಂತ ವಿಜ್ಞಾನಿಗಳು ಪತ್ತೆ ಮಾಡೋದು, ಪ್ರವಾಸಿಗರು ತೆಗೆದ ಎಷ್ಟೋ ಫೋಟೋಗಳೂ ಆ ಕೆಲಸಕ್ಕೆ ಬಂದಿವೆ.