ಬೆನ್ನು ಒತ್ತಿ ನೋಡುವ ಲೆಕ್ಕ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ ಮಾಡಗ್ಯಾಳ. ಅಲ್ಲಿನ ಕುರಿ ಸಂತೆಯಲ್ಲಿ ಅರ್ಧ ಚೌಕಾಸಿ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಮರಿ ಕೊಳ್ಳುವವನು ಮೊದಲು ಸೊಂಟದ ಹತ್ತಿರ ಬೆನ್ನೆಲುಬಿನ ಮೇಲೆ ಕೈಯಿಟ್ಟು ಒತ್ತುತ್ತಾನೆ. ಎಲುಬಿನ ತುದಿ ಚೂಪಾಗಿ ಚುಚ್ಚಿದರೆ ಮೈಯಲ್ಲಿ ಖಂಡವಿಲ್ಲ. ಗುಂಡಗೆ ಸಿಕ್ಕರೆ ಹದ. ಎಲುಬೇ ಸಿಗದಿದ್ದರೆ ಕೊಬ್ಬು ಜಾಸ್ತಿ. ಆಮೇಲೆ ತುಟಿ ಎತ್ತಿ ಹಲ್ಲು ನೋಡುತ್ತಾನೆ. ತೂಕದ ಮಾತು ಅದರ ನಂತರ.

ಇದು ಸುಮ್ನೆ ರೂಢಿಯಲ್ಲ. ಮರಿಯ ಮೈ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಮೊದಲು ಎಲುಬು, ಆಮೇಲೆ ಖಂಡ, ಕೊನೆಗೆ ಕೊಬ್ಬು. ಕೇಂಬ್ರಿಜ್‌ನ ಪಶುವಿಜ್ಞಾನಿ ಜಾನ್ ಹ್ಯಾಮಂಡ್ ಬೇರೆ ಬೇರೆ ವಯಸ್ಸಿನ ಕುರಿಗಳನ್ನು ಕೊಯ್ದು, ಒಂದೊಂದು ಭಾಗವನ್ನೂ ತೂಗಿ, 1932ರಲ್ಲಿ ಇದನ್ನು ವಿವರವಾಗಿ ತೋರಿಸಿದರು.

20 ಕಿಲೋ ಮರಿ ಕೊಯ್ದರೆ ಸುಮಾರು 9 ಕಿಲೋ ಕೈಗೆ ಬರುತ್ತದೆ. ಉಳಿದದ್ದು ತಲೆ, ಕಾಲು, ಚರ್ಮ, ಕರುಳು. ಬಂದದ್ದರಲ್ಲೂ ಎಲುಬಿನ ಪಾಲು ದೊಡ್ಡದು. 30 ಕಿಲೋದ್ದಾದರೆ 14 ಕಿಲೋ ಬರಬಹುದು. ಲಾಭವೇ ಅಲ್ವಾ? ಆದರೆ ಹೀಗೆ ಏರಿದ ತೂಕದಲ್ಲಿ ಕೊಬ್ಬೂ ಸೇರಿರುತ್ತದೆ. ಖಂಡದಲ್ಲಿ ಮುಕ್ಕಾಲು ಪಾಲು ನೀರು, ಕೊಬ್ಬಿನಲ್ಲಿ ನೀರು ಬಹಳ ಕಡಿಮೆ. ಹಾಗಾಗಿ ಒಂದು ಕಿಲೋ ಕೊಬ್ಬು ಕಟ್ಟಲು ಒಂದು ಕಿಲೋ ಖಂಡಕ್ಕಿಂತ ಎಷ್ಟೋ ಹೆಚ್ಚು ಮೇವು, ಹಿಂಡಿ ಬೇಕು. ಗಿರಾಕಿ ಅದನ್ನೇ ಕತ್ತರಿಸಿ ತೆಗೆಯಿರಿ ಅನ್ನುತ್ತಾನೆ!

ಹಾಗಾದರೆ ಎಷ್ಟು ಕಿಲೋ ಸರಿ? ತಳಿ ಕೇಳದೆ ಹೇಳುವವರನ್ನು ನಾನು ನಂಬುವುದಿಲ್ಲ. ಡೆಕ್ಕನಿ ಕುರಿ ಮೈಯಲ್ಲಿ ಚಿಕ್ಕದು. 30 ಕಿಲೋ ಹೊತ್ತಿಗೆ ಅದರ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ, ತಿಂದದ್ದು ಕೊಬ್ಬಿಗೆ ಹೋಗುತ್ತದೆ. ಬಾಗಿದ ಮೂಗಿನ, ಎತ್ತರದ ಮಾಡಗ್ಯಾಳ ಟಗರು ಅದೇ 30 ಕಿಲೋದಲ್ಲಿ ಇನ್ನೂ ಹುಡುಗ. ಹೆಣ್ಣು ಮರಿಗೆ ಗಂಡಿಗಿಂತ ಬೇಗ ಕೊಬ್ಬು ಕೂಡುತ್ತದೆ, ಅದೂ ಲೆಕ್ಕಕ್ಕೆ ಬೇಕು.

ಇನ್ನು ಹಲ್ಲು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವಯಸ್ಸು ವರ್ಷ ದಾಟಿದೆ ಎಂದರ್ಥ. ವಯಸ್ಸಾದಂತೆ ಖಂಡವನ್ನು ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಎಳೆ ಮರಿಯಲ್ಲಿ ಬೇಗ ಕರಗುವ ಆ ಎಳೆ, ಮುದಿ ಟಗರಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೂ ಹಲ್ಲಿಗೆ ಸಿಕ್ಕುತ್ತದೆ. ಬಣ್ಣ ಕಡುಗೆಂಪಾಗುತ್ತದೆ, ಟಗರಿನ ವಾಸನೆಯೂ ಏರುತ್ತದೆ.

ಬಕ್ರೀದ್ ಹತ್ತಿರ ಬಂದಾಗ ಮಾತ್ರ ಈ ಲೆಕ್ಕವೆಲ್ಲ ಪಕ್ಕಕ್ಕೆ ಸರಿಯುತ್ತದೆ. ಆಗ ಎರಡು ಹಲ್ಲಿನ ಟಗರಿಗೇ ಹೆಚ್ಚು ಬೆಲೆ. ಎತ್ತರ, ಮೈಕಟ್ಟು, ಮೂಗಿನ ಬಾಗು ನೋಡಿ ನೋಟು ಎಣಿಸುತ್ತಾರೆ.