ಹಬೆ ಬೇರೆ, ಬಿಳಿ ಹೊಗೆ ಬೇರೆ: ಬೋಟ್ ಇಂಜಿನ್ನಿನ ಎಕ್ಸಾಸ್ಟ್ ಬಗ್ಗೆ

"ಎಕ್ಸಾಸ್ಟ್‌ನಿಂದ ಬಿಳಿ ಹೊಗೆ ಬರ್ತಾ ಇದೆ" ಅಂತ ಬೋಟಿನವರು ಯಾರಾದರೂ ಹೇಳಿದರೆ ಸಾಕು, ಸಲಹೆಗಳು ಶುರುವಾಗುತ್ತವೆ. ಇಂಜೆಕ್ಟರ್ ಬಿಚ್ಚಿಸಿ, ಪಂಪ್ ಟೈಮಿಂಗ್ ನೋಡಿಸಿ, ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಅದು ನಿಜಕ್ಕೂ ಹೊಗೆಯಾ, ಹಬೆಯಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇದನ್ನು ನೋಡಿ ನೋಡಿ ಸಾಕಾಗಿದೆ. ಹಬೆ ಜಾಸ್ತಿಯಾದರೆ ನೀರು ಓಡಾಡುವ ದಾರಿ ನೋಡಬೇಕು. ಹೊಗೆಯಾದರೆ ಡೀಸೆಲ್ ಉರಿಯುವ ಜಾಗ ನೋಡಬೇಕು. ಪದ ತಪ್ಪಿದರೆ ಸ್ಪ್ಯಾನರ್ ಕೂಡ ತಪ್ಪು ನಟ್ಟಿಗೇ ಹೋಗುತ್ತದೆ.

ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳೇ ಇವೆ. ಹೊಗೆ ಅಂದರೆ ಹಳಗನ್ನಡದ ಪೊಗೆ. ತಮಿಳಿನ ಪುಗೈ, ತೆಲುಗಿನ ಪೊಗ ಅದರ ಒಡಹುಟ್ಟುಗಳು. ಅದು ಬೆಂಕಿಯಿಂದ ಏಳುವುದು. ಆವಿ, ಹಬೆ ನೀರಿನಿಂದ ಏಳುವುದು. "ಬಿಳಿ ಹೊಗೆ" ಅನ್ನುವ ಮಾತಿಗೂ ಅದರದ್ದೇ ಸರಿಯಾದ ಅರ್ಥ ಇದೆ: ಸಿಲಿಂಡರಿನೊಳಗೆ ಹೋದ ಡೀಸೆಲ್ ಹೊತ್ತಿಕೊಳ್ಳದೆ ಸಣ್ಣ ಸಣ್ಣ ಹನಿಯಾಗಿ ಹೊರಬಂದದ್ದು. ಬೆಳ್ಳಗೆ ಕಂಡದ್ದಕ್ಕೆಲ್ಲ ಇದೇ ಹೆಸರು ಇಟ್ಟಾಗ ತೊಂದರೆ ಶುರುವಾಗುತ್ತದೆ.

ಗುರುತು ಹಿಡಿಯುವುದು ಕಷ್ಟವೇನಲ್ಲ, ಎರಡು ನಿಮಿಷ ಬೋಟಿನ ಹಿಂಭಾಗದಲ್ಲಿ ನಿಂತು ನೋಡಬೇಕು ಅಷ್ಟೇ. ಹಬೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗಿ ಮಾಯವಾಗುತ್ತದೆ. ಡೀಸೆಲ್‌ನ ಬಿಳಿ ಹೊಗೆ ಹಾಗೆ ಹೋಗುವುದಿಲ್ಲ, ನೀರಿನ ಮೇಲೆ ತಗ್ಗಾಗಿ ಹರಡಿಕೊಂಡು ಹಿಂದೆ ಹಿಂದೆಯೇ ಬರುತ್ತದೆ, ಕಣ್ಣು ಉರಿಸುತ್ತದೆ, ಹಸಿ ಡೀಸೆಲ್ ವಾಸನೆ ಹೊಡೆಯುತ್ತದೆ, ಎಕ್ಸಾಸ್ಟ್ ಕೆಳಗಿನ ನೀರಿನಲ್ಲಿ ಎಣ್ಣೆಯ ಬಣ್ಣದ ಪೊರೆ ಕಟ್ಟುತ್ತದೆ. ಮೂರನೆಯದೂ ಒಂದಿದೆ. ಬಿಳಿಯಾಗಿ ಬರುತ್ತಿದೆ, ಸಿಹಿ ವಾಸನೆ ಇದೆ, ಕೂಲಂಟ್ (ಇಂಜಿನ್ನಿನೊಳಗೇ ಸುತ್ತುತ್ತಾ ಅದನ್ನು ತಣ್ಣಗಿಡುವ ದ್ರವ) ಟ್ಯಾಂಕಿನ ಮಟ್ಟ ದಿನಾ ಇಳಿಯುತ್ತಿದೆ ಅಂದರೆ ಒಳಗಿನ ಕೂಲಂಟ್ ಸಿಲಿಂಡರಿಗೆ ನುಗ್ಗುತ್ತಿದೆ. ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸಿದ ಹೆಡ್ ಗ್ಯಾಸ್ಕೆಟ್ ಮಾತು ಬರಬೇಕಾದದ್ದು ಆಗ, ಮೊದಲೇ ಅಲ್ಲ.

ಇನ್ನು "ಜಾಸ್ತಿ" ಅನ್ನುವ ಪದ. ಹಬೆ ಕಂಡಿತು ಅಂತ ಗಾಬರಿಯಾಗುವವರೂ ಇದ್ದಾರೆ. ಒಂದು ಲೀಟರ್ ಡೀಸೆಲ್ ಉರಿದರೆ ಅದರಲ್ಲಿರುವ ಹೈಡ್ರೋಜನ್‌ನಿಂದಲೇ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಮೇಲೆ, ಇಂಜಿನ್ ತಣ್ಣಗಿಡಲು ಪಂಪ್ ಎಳೆದ ಹೊರಗಿನ (ಸಮುದ್ರದ, ಹೊಳೆಯ) ನೀರನ್ನೂ ಎಕ್ಸಾಸ್ಟಿಗೆ ಬೆರೆಸುತ್ತೇವೆ. ಹಬೆ ಇಲ್ಲದೆ ಇರುವುದು ಹೇಗೆ? ಅದು ಕಣ್ಣಿಗೆ ಕಾಣುತ್ತದೋ ಇಲ್ಲವೋ ಅನ್ನುವುದು ಗಾಳಿಯ ಮೇಲೆ ನಿಂತಿದೆ. ಕುದಿಯುವ ಕೆಟಲ್‌ನ ಮೂತಿಯ ಹತ್ತಿರ ನೋಡಿ, ಮೊದಲ ಒಂದೆರಡು ಸೆಂಟಿಮೀಟರ್‌ನಲ್ಲಿ ಏನೂ ಕಾಣುವುದಿಲ್ಲ. ಅಸಲಿ ಹಬೆಗೆ ಬಣ್ಣವೇ ಇಲ್ಲ, ತಣ್ಣಗಿನ ಗಾಳಿ ತಾಗಿ ಹನಿಗಟ್ಟಿದ ಮೇಲೇ ಅದು ಬೆಳ್ಳಗಾಗುವುದು. ಹಾಗಾಗಿ ಚಳಿಯ ಬೆಳಗ್ಗೆ, ತೇವದ ಗಾಳಿಯಲ್ಲಿ ಯಾವ ಒಳ್ಳೆಯ ಇಂಜಿನ್ ಕೂಡ ಬೆಳ್ಳಗೆ ಉಸಿರು ಬಿಡುತ್ತದೆ. ಅದೇ ಹವೆಯಲ್ಲಿ, ಅದೇ ಆರ್‌ಪಿಎಂನಲ್ಲಿ, ಇದೇ ಇಂಜಿನ್ ಮೊದಲು ಬಿಡುತ್ತಿದ್ದುದಕ್ಕಿಂತ ಹೆಚ್ಚು ಬಿಡುತ್ತಿದೆಯಾ? ಬಿಸಿಲೇರಿದ ಮೇಲೂ ನಿಲ್ಲುತ್ತಿಲ್ಲವಾ? ಅದು ಜಾಸ್ತಿ.

ಜಾಸ್ತಿಯಾಗುವುದಕ್ಕೆ ಕಾರಣ ಒಂದೇ ಲೆಕ್ಕದಲ್ಲಿದೆ. ಇಂಜಿನ್ ಮೇಲೆ ಪೂರ್ತಿ ಭಾರ ಬಿದ್ದಾಗ ಸಿಲಿಂಡರಿನಿಂದ ಹೊರಡುವ ಗಾಳಿ 400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮಿಕ್ಸಿಂಗ್ ಎಲ್ಬೋ ಅನ್ನುವ ಬಾಗಿದ ಲೋಹದ ಕೊಳವೆಯಲ್ಲಿ ಹೊರಗಿನ ನೀರು ಅದಕ್ಕೆ ಬೆರೆತು, ಮುಂದಿನ ರಬ್ಬರ್ ಪೈಪ್ ತಡೆದುಕೊಳ್ಳುವಷ್ಟು ತಣ್ಣಗೆ ಮಾಡುತ್ತದೆ. ನೀರು ಧಾರಾಳವಾಗಿದ್ದರೆ ಸ್ವಲ್ಪ ಬಿಸಿಯಾಗಿ ನೀರಾಗಿಯೇ ಹೊರಗೆ ಉಗುಳಲ್ಪಡುತ್ತದೆ. ನೀರು ಕಡಿಮೆಯಾದರೆ ಅಷ್ಟೇ ಶಾಖಕ್ಕೆ ಅದು ಆವಿಯಾಗಬೇಕಾಗುತ್ತದೆ. ಒಂದು ಕಿಲೋ ನೀರನ್ನು 30 ಡಿಗ್ರಿ ಬಿಸಿ ಮಾಡಲು ಸುಮಾರು 125 ಕಿಲೋಜೂಲ್ ಸಾಕು, ಕುದಿಯುವ ನೀರನ್ನು ಆವಿ ಮಾಡಲು 2250 ಕಿಲೋಜೂಲ್ ಬೇಕು. ಈ ದೊಡ್ಡ ವ್ಯತ್ಯಾಸದಿಂದಲೇ ನೀರು ಅರ್ಧ ಕಡಿಮೆಯಾದರೂ ಪೈಪ್ ತಕ್ಷಣ ಸುಡದೆ ಹಬೆಯಷ್ಟೇ ಹೆಚ್ಚಾಗುತ್ತದೆ.

ಇಲ್ಲಿ "ಗೇಜ್ ನಾರ್ಮಲ್ ತೋರಿಸ್ತಿದೆ, ಓವರ್‌ಹೀಟ್ ಇಲ್ಲ" ಅನ್ನುವ ಮಾತು ಬರುತ್ತದೆ. ಗೇಜ್ ಅಳೆಯುವುದು ಒಳಗಿನ ಕೂಲಂಟನ್ನು, ಎಕ್ಸಾಸ್ಟ್ ಪೈಪನ್ನಲ್ಲ. ಬಿಸಿಗೆ ತಾನೇ ತೆರೆಯುವ ಥರ್ಮೋಸ್ಟಾಟ್ ಕವಾಟ ಇನ್ನಷ್ಟು ತೆರೆದುಕೊಂಡು ಕೂಲಂಟ್ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಹೊರಗಿನ ನೀರು ಗಣನೀಯವಾಗಿ ಕಡಿಮೆಯಾಗುವವರೆಗೂ ಮುಳ್ಳು ಅಲ್ಲಾಡುವುದಿಲ್ಲ. ಹಬೆ ಮೊದಲು, ಗೇಜ್ ಆಮೇಲೆ. ಎಲ್ಬೋ ಆದ ಮೇಲಿನ ರಬ್ಬರ್ ಪೈಪಿನ ಮೇಲೆ ಹುಷಾರಾಗಿ ಕೈ ಇಟ್ಟು ನೋಡಿ. ಆರಾಮಾಗಿ ಇಟ್ಟುಕೊಳ್ಳಬಹುದಾದರೆ ಸರಿ, ಚುರುಕ್ಕಂತ ತೆಗೆಯುವ ಹಾಗಾದರೆ ಇಂಜಿನ್ ನಿಲ್ಲಿಸಿ. ಎಕ್ಸಾಸ್ಟಿನ ಸದ್ದು ಪೊಳ್ಳಾಗಿ, ಗಟ್ಟಿಯಾಗಿ ಕೇಳಿಸುವುದೂ ನೀರು ಕಡಿಮೆ ಅನ್ನುವ ಗುರುತೇ. ಪೈಪ್ ಸುಟ್ಟು ಒಡೆದರೆ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್‌ಗೆ ಬರುತ್ತದೆ, ಅದಕ್ಕೆ ವಾಸನೆ ಇರುವುದಿಲ್ಲ. "ಇನ್ನು ಸ್ವಲ್ಪ ದೂರ, ಹೋಗಿಬಿಡೋಣ" ಅನ್ನಬೇಡಿ.

ಹುಡುಕುವ ಕೆಲಸ ನೀರು ಒಳಬರುವ ಕಡೆಯಿಂದ ಶುರುವಾಗಲಿ. ಸೀಕಾಕ್ (ಹೊರಗಿನ ನೀರನ್ನು ಒಳಬಿಡುವ ಕವಾಟ) ಪೂರ್ತಿ ತೆರೆದಿದೆಯಾ, ಅದರ ಬಾಯಿಗೆ ಪಾಚಿಯೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡಿದೆಯಾ, ಕಸ ಸೋಸುವ ಸ್ಟ್ರೈನರ್‌ನ ಜಾಲರಿ ಕಟ್ಟಿದೆಯಾ. ಇದಿಷ್ಟು ಎಲ್ಲರೂ ನೋಡುತ್ತಾರೆ. ಆದರೆ ಸ್ಟ್ರೈನರ್ ಮುಚ್ಚಳದ ರಬ್ಬರ್ ರಿಂಗನ್ನು ನೋಡುವವರು ಕಡಿಮೆ. ಅಲ್ಲಿ ಪಂಪ್ ನೀರನ್ನು ಎಳೆಯುತ್ತಿರುತ್ತದೆ, ತಳ್ಳುತ್ತಿರುವುದಿಲ್ಲ. ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ, ರಿಂಗ್ ಹಾಳಾದಾಗ ಹೊರಗೆ ಒಂದು ತೊಟ್ಟೂ ಸೋರದೆ ಒಳಗೆ ಗಾಳಿ ನುಗ್ಗುತ್ತದೆ. ಪಾರದರ್ಶಕ ಬಟ್ಟಲಿದ್ದರೆ ಟಾರ್ಚ್ ಹಿಡಿಯಿರಿ, ಇಂಜಿನ್ ಓಡುವಾಗ ಗುಳ್ಳೆಗಳ ಸಾಲು ಕಾಣುತ್ತದೆ.

ಆಮೇಲೆ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ. "ಹೊರಗೆ ನೀರು ಬರ್ತಿದೆ, ಅಂದ್ರೆ ಇಂಪೆಲ್ಲರ್ ಸರಿ ಇದೆ" ಅನ್ನುವ ವಾದಕ್ಕೆ ಅರ್ಥವಿಲ್ಲ. ಎರಡು ರೆಕ್ಕೆ ಮುರಿದರೂ ನೀರು ಬರುತ್ತದೆ, ಸಾಕಾಗುವಷ್ಟು ಬರುವುದಿಲ್ಲ ಅಷ್ಟೇ. ಹೊರತೆಗೆದು ಪ್ರತಿ ರೆಕ್ಕೆಯನ್ನೂ ಬೆರಳಿನಿಂದ ಹಿಂದಕ್ಕೆ ಬಗ್ಗಿಸಿ ಬುಡ ನೋಡಿ, ಬಿರುಕು ಇರುವುದು ಅಲ್ಲಿ. ರೆಕ್ಕೆಗಳೆಲ್ಲ ಚೆನ್ನಾಗಿದ್ದರೂ ಕೆಲವೊಮ್ಮೆ ನಡುವಿನ ಲೋಹದ ಬುಶ್ ರಬ್ಬರಿನಿಂದ ಬಿಟ್ಟುಕೊಂಡಿರುತ್ತದೆ. ಆಗ ಶಾಫ್ಟ್ ಸುತ್ತಿದರೂ ಭಾರ ಬಿದ್ದಾಗ ರಬ್ಬರ್ ಜಾರುತ್ತದೆ. ಪಂಪಿನ ಮುಚ್ಚಳದ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೂ ನೀರು ಹಿಂದಕ್ಕೆ ಜಾರುತ್ತದೆ. ರೆಕ್ಕೆ ಮುರಿದಿದ್ದರೆ ಹೊಸ ಇಂಪೆಲ್ಲರ್ ಹಾಕಿ ಮುಗಿಸಬೇಡಿ. ಚೂರುಗಳನ್ನು ಒಂದೊಂದಾಗಿ ಹುಡುಕಿ, ಜೋಡಿಸಿ, ಲೆಕ್ಕ ಹಾಕಿ. ಸಿಗದೇ ಹೋದ ಚೂರು ಸಾಮಾನ್ಯವಾಗಿ ಹೀಟ್ ಎಕ್ಸ್‌ಚೇಂಜರ್‌ನ (ಹೊರಗಿನ ನೀರು ಕೂಲಂಟಿನ ಬಿಸಿ ಹೀರುವ ಜಾಗ) ನಳಿಕೆಗಳ ಬಾಯಲ್ಲಿ ಕೂತಿರುತ್ತದೆ. ಲೋಹ ಸವೆಯದಿರಲಿ ಅಂತ ಒಳಗೆ ಇಟ್ಟ ಜಿಂಕ್ ಕರಗಿ ಕಳಚಿ ಬಿದ್ದ ತುಂಡುಗಳು ಸೇರುವುದೂ ಅಲ್ಲಿಗೇ.

ಕೊನೆಗೆ ಮಿಕ್ಸಿಂಗ್ ಎಲ್ಬೋ. ಮಸಿ ಮತ್ತು ಉಪ್ಪು ಸೇರಿ ಅದರೊಳಗೆ ಕಲ್ಲಿನ ಹಾಗೆ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬಿಚ್ಚಿ ಬೆಳಕಿಗೆ ಹಿಡಿದು ನೋಡಲೇಬೇಕು. ನೀರಿನ ತೂತು ಕಿರಿದಾದರೆ ಹಬೆ ಹೆಚ್ಚುತ್ತದೆ, ಗಾಳಿಯ ದಾರಿಯೂ ಕಿರಿದಾದರೆ ಇಂಜಿನ್ ಉಸಿರುಗಟ್ಟಿ ಕಪ್ಪು ಹೊಗೆ ಬಿಡುತ್ತದೆ, ಶಕ್ತಿ ಇಳಿಯುತ್ತದೆ. ಹಬೆ ಮತ್ತು ಹೊಗೆ ನಿಜವಾಗಿಯೂ ಒಟ್ಟಿಗೆ ಬರುವ ಜಾಗ ಇದು. ಹೀಗಿದ್ದಾಗಲೂ "ಬಿಳಿ ಹಬೆ, ಕಪ್ಪು ಹೊಗೆ, ಎರಡೂ ಇವೆ" ಅಂತ ಬಿಡಿಸಿ ಹೇಳಿದರೆ ಗೊತ್ತಿರುವ ಮೆಕ್ಯಾನಿಕ್ ನೇರ ಎಲ್ಬೋಗೇ ಕೈ ಹಾಕುತ್ತಾನೆ.

ನೀರಿನ ದಾರಿಯೆಲ್ಲ ಸರಿಯಿದ್ದೂ ಹಬೆ ನಿಲ್ಲದಿದ್ದರೆ ಶಾಖದ ಕಡೆ ನೋಡಿ. ಪ್ರೊಪೆಲ್ಲರಿಗೆ ಹಗ್ಗ ಸುತ್ತಿದೆಯಾ, ಬೋಟಿನ ತಳಕ್ಕೆ ಚಿಪ್ಪು ಅಂಟಿದೆಯಾ. ಅದೇ ವೇಗಕ್ಕೆ ಇಂಜಿನ್ ಹೆಚ್ಚು ದುಡಿಯಬೇಕಾದರೆ ಎಕ್ಸಾಸ್ಟ್ ಬಿಸಿಯೂ ಹೆಚ್ಚುತ್ತದೆ. ನೀರಿನ ಪ್ರಮಾಣದ ಬಗ್ಗೆ ಅನುಮಾನ ಇದ್ದರೆ ಅಂದಾಜು ಬೇಡ. ಎಲ್ಬೋಗೆ ನೀರು ತರುವ ಪೈಪ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು, ಇಂಜಿನ್ ಐಡಲ್‌ನಲ್ಲಿ ಇಟ್ಟು, ಅರ್ಧ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಅಳೆಯಿರಿ. ಆ ಹೊತ್ತು ಎಕ್ಸಾಸ್ಟಿಗೆ ನೀರೇ ಇರುವುದಿಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚು ಓಡಿಸಬೇಡಿ. ಇಂಜಿನ್ ಚೆನ್ನಾಗಿರುವಾಗಲೇ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಹೋಲಿಸಲು ಅದಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ.

ಇದೆಲ್ಲ ನೀರು ಬೆರೆಸುವ ಎಕ್ಸಾಸ್ಟಿನ ಮಾತು. ನೀರು ಬೆರೆಸದೆ ನೇರವಾಗಿ ಮೇಲಕ್ಕೆ ಕೊಳವೆ ಬಿಟ್ಟಿರುವ ಬೋಟುಗಳಲ್ಲಿ ಹೊರಗಿನ ನೀರಿಗೂ ಎಕ್ಸಾಸ್ಟಿಗೂ ಸಂಬಂಧವೇ ಇಲ್ಲ. ಅಲ್ಲಿ ಇಂಜಿನ್ ಪೂರ್ತಿ ಬಿಸಿಯಾದ ಮೇಲೂ, ಚಳಿ ಇಲ್ಲದಿದ್ದರೂ ಹಬೆ ಬರುತ್ತಲೇ ಇದ್ದರೆ ಇಂಪೆಲ್ಲರ್ ಬಿಚ್ಚಿ ಪ್ರಯೋಜನವಿಲ್ಲ, ಕೂಲಂಟ್ ಮಟ್ಟ ನೋಡಿ.